ಐಡಿ ಫ್ಯಾನ್ ಬೇರಿಂಗ್ ಬದಲಿಸುವ ಕ್ರಮ: ಹೊಸ ಬೇರಿಂಗ್ ಮೂರೇ ತಿಂಗಳಿಗೆ ಹೋಗುವುದು ಏಕೆ?

ಬಳ್ಳಾರಿ, ಗಿಣಿಗೇರಾ ಸುತ್ತಿನ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲೂ ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಬಾಯ್ಲರ್ ಮನೆಗಳಲ್ಲೂ ಐಡಿ ಫ್ಯಾನ್ (ಬಿಸಿ ಹೊಗೆಯನ್ನು ಎಳೆದು ಚಿಮಣಿಗೆ ತಳ್ಳುವ ಫ್ಯಾನ್) ಬಗ್ಗೆ ದೂರು ಒಂದೇ: "ಮೊನ್ನೆ ಮೊನ್ನೆ ಹಾಕಿದ ಬೇರಿಂಗ್, ಮತ್ತೆ ಸೌಂಡ್ ಬರಾಕ ಹತ್ತೈತಿ." ಬೈಗುಳ ಬೀಳುವುದು ಬೇರಿಂಗ್ ಕಂಪನಿಗೆ. ಆದರೆ ಇಂಥ ಬೇರಿಂಗ್‌ಗಳಲ್ಲಿ ಹೆಚ್ಚಿನವು ಓಡಿ ಸವೆದು ಹೋದವಲ್ಲ. ಕೂರಿಸಿದ ದಿನವೇ ಅವುಗಳ ಆಯುಷ್ಯ ಮುಗಿದಿರುತ್ತದೆ, ಸದ್ದು ಮಾತ್ರ ಆಮೇಲೆ ಬರುತ್ತದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು 90 ಮಿ.ಮೀ. ಶಾಫ್ಟ್, 22220 ಕೆ ಸಿ3 ಸ್ಫೆರಿಕಲ್ ರೋಲರ್ ಬೇರಿಂಗ್, ಎಚ್ 320 ಅಡಾಪ್ಟರ್ ಸ್ಲೀವ್ (ಶಾಫ್ಟ್ ಮತ್ತು ಬೇರಿಂಗ್ ನಡುವೆ ಕೂರುವ ಇಳಿಜಾರು ಮೈಯ ತೋಳು) ಮತ್ತು ಎರಡು ಹೋಳಿನ ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಪೆಟ್ಟಿಗೆ). ಬಕೆಟ್ ಎಲಿವೇಟರ್, ಕನ್ವೇಯರ್‌ನ ಹೆಡ್ ಡ್ರಮ್‌ಗೂ ಇದೇ ಕ್ರಮ. ಸೈಜ್ ಬದಲಾದರೆ ಅಳತೆ ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

## ಕೆಲಸಕ್ಕೆ ಇಳಿಯುವ ಮುಂಚೆ ಕೈಯಲ್ಲಿರಬೇಕಾದ್ದು

0.03 ಮಿ.ಮೀ. ಬ್ಲೇಡ್‌ನಿಂದ ಶುರುವಾಗುವ ಉದ್ದನೆಯ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಬ್ಲೇಡ್‌ಗಳ ಕಟ್ಟು. ಇದಿಲ್ಲದಿದ್ದರೆ ಕೆಲಸ ಶುರು ಮಾಡಲೇಬೇಡಿ. ಇದರ ಜೊತೆಗೆ ಔಟ್‌ಸೈಡ್ ಮೈಕ್ರೋಮೀಟರ್, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಲಾಕ್ ನಟ್‌ಗೆ ಸರಿಹೊಂದುವ ಸಿ ಸ್ಪ್ಯಾನರ್, ಟಾರ್ಕ್ ರೆಂಚ್, ಚೈನ್ ಪುಲ್ಲಿ, ಸ್ಟೀಲ್ ಶಿಮ್ (ಸಂದಿಗೆ ಕೊಡುವ ತೆಳು ತಗಡು), ಎಳೆ ಬಿಡದ ಬಟ್ಟೆ ಮತ್ತು ದೊಡ್ಡ ಪ್ಲಾಸ್ಟಿಕ್ ಹಾಳೆ ಇರಲಿ. ಹತ್ತಿ ವೇಸ್ಟ್ ಬೇಡ. ರಾಯಚೂರು ಭಾಗದಲ್ಲಿ ಅದು ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದರ ಎಳೆ ರೋಲರ್ ನಡುವೆ ಸಿಕ್ಕಿಕೊಂಡರೆ ಹೊರಗೆ ಬರುವುದಿಲ್ಲ.

ಹೊಸ ಬೇರಿಂಗ್‌ನ ಡಬ್ಬಿ ನೋಡಿ ಸುಮ್ಮನಾಗಬೇಡಿ. ರಿಂಗ್ ಮೇಲಿನ ಅಚ್ಚನ್ನು ಓದಿ. 22220ರ ನಂತರ "ಕೆ" ಇಲ್ಲದಿದ್ದರೆ ಒಳಗಿನ ತೂತು ಇಳಿಜಾರಾಗಿರದೆ ನೇರವಾಗಿರುತ್ತದೆ, ಸ್ಲೀವ್ ಮೇಲೆ ಕೂರುವುದಿಲ್ಲ. "ಸಿ3" ಎಂದರೆ ರೋಲರ್ ಮತ್ತು ರಿಂಗ್ ನಡುವಿನ ಸಂದಿ (ಕ್ಲಿಯರೆನ್ಸ್) ಮಾಮೂಲಿಗಿಂತ ಹೆಚ್ಚು; ಅದಿಲ್ಲದಿದ್ದರೆ ಬಿಸಿ ಫ್ಯಾನ್‌ಗೆ ಬೇರಿಂಗ್ ಬಿಗಿಯಾಗುತ್ತದೆ. ನಕಲಿ ಮಾಲಿನ ಕಾಟ ಇರುವುದರಿಂದ ಅಧಿಕೃತ ಡೀಲರ್ ಬಿಲ್ ಇಲ್ಲದೆ ಕೊಳ್ಳಬೇಡಿ. ಡಬ್ಬಿ ಮತ್ತು ರಿಂಗ್‌ನ ಫೋಟೋ ಕಳಿಸಿ ಅಸಲಿಯೋ ನಕಲಿಯೋ ಪರೀಕ್ಷಿಸಲು ದೊಡ್ಡ ಕಂಪನಿಗಳ ಮೊಬೈಲ್ ಆ್ಯಪ್‌ಗಳೂ ಇವೆ.

## ಹಂತ 1: ನಿಲ್ಲಿಸುವ ಮುಂಚೆ ಬರೆದುಕೊಳ್ಳಿ

ಫ್ಯಾನ್ ಓಡುತ್ತಿರುವಾಗಲೇ ಎರಡೂ ಬ್ಲಾಕ್‌ಗಳ ವೈಬ್ರೇಶನ್ ಅನ್ನು ಅಡ್ಡ (ನೆಲಕ್ಕೆ ಸಮಾಂತರ), ನೇರ (ಮೇಲೆ ಕೆಳಗೆ), ಉದ್ದ (ಶಾಫ್ಟ್ ಉದ್ದಕ್ಕೆ) ಮೂರೂ ದಿಕ್ಕಿನಲ್ಲಿ ಅಳೆಯಿರಿ. ಜೊತೆಗೆ ಉಷ್ಣಾಂಶ ಮತ್ತು ಮೋಟರ್ ಆಂಪಿಯರ್ ಬರೆದುಕೊಳ್ಳಿ. ಬಿಚ್ಚಿದ ಮೇಲೆ ಈ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಅಡ್ಡ ದಿಕ್ಕಿನಲ್ಲಿ ಮಾತ್ರ ವೈಬ್ರೇಶನ್ ಜಾಸ್ತಿ ಇದ್ದು, ಅದು ಶಾಫ್ಟ್ ತಿರುಗುವ ವೇಗದಲ್ಲೇ ಇದ್ದರೆ ಇಂಪೆಲ್ಲರ್‌ನ (ಫ್ಯಾನ್‌ನ ಬ್ಲೇಡ್ ಚಕ್ರದ) ಬ್ಯಾಲೆನ್ಸ್ ತಪ್ಪಿದೆ. ಸ್ಪಾಂಜ್ ಐರನ್ ಫ್ಯಾನ್‌ನಲ್ಲಿ ಬ್ಲೇಡ್‌ಗೆ ಧೂಳು ಹೆಪ್ಪುಗಟ್ಟಿ ಒಂದು ಕಡೆ ಕಳಚಿ ಬೀಳುತ್ತದೆ. ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟಿನ ಬೂದಿ ಬ್ಲೇಡ್ ತುದಿಯನ್ನೇ ತಿಂದುಹಾಕುತ್ತದೆ, ಆ ಬೂದಿಯಲ್ಲಿ ಸಿಲಿಕಾ ಅಷ್ಟಿದೆ. ಉದ್ದ ದಿಕ್ಕಿನಲ್ಲಿ ಜಾಸ್ತಿ ಇದ್ದರೆ ಕಪ್ಲಿಂಗ್ ಅಲೈನ್‌ಮೆಂಟ್ (ಮೋಟರ್ ಮತ್ತು ಫ್ಯಾನ್ ಶಾಫ್ಟ್ ಒಂದೇ ಗೆರೆಯಲ್ಲಿರುವುದು) ಮೇಲೆ ಸಂಶಯಪಡಿ. ಇವನ್ನು ಸರಿಮಾಡದೆ ಬೇರಿಂಗ್ ಬದಲಿಸುವುದೆಂದರೆ ಅದೇ ಹೊಡೆತಕ್ಕೆ ಇನ್ನೊಂದು ಬೇರಿಂಗ್ ಕೊಟ್ಟಂತೆ.

## ಹಂತ 2: ಬೀಗ ಹಾಕಿ

ಸ್ಟಾಪ್ ಬಟನ್ ಒತ್ತಿದರೆ ಸಾಲದು. ಬ್ರೇಕರ್ ಇಳಿಸಿ, ಬೀಗ ಹಾಕಿ, ಹೆಸರಿನ ಟ್ಯಾಗ್ ಕಟ್ಟಿ. ಕೀ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಫ್ಯಾನ್ ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಕರೆಂಟ್ ಇಲ್ಲದಿದ್ದರೂ ಐಡಿ ಫ್ಯಾನ್ ತಿರುಗುತ್ತದೆ. ಚಿಮಣಿಯ ಸೆಳೆತವೇ ಸಾಕು. ಡ್ಯಾಂಪರ್ (ಗಾಳಿದಾರಿಯ ಬಾಗಿಲು) ಮುಚ್ಚಿ, ಇಂಪೆಲ್ಲರ್‌ಗೆ ಮರದ ತುಂಡು ಕೊಟ್ಟು ಕಟ್ಟಿ. ಸ್ಪಾಂಜ್ ಐರನ್ ಘಟಕದ ಡಕ್ಟ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗ್ಯಾಸ್ ಮೀಟರ್‌ನಲ್ಲಿ ನೋಡದೆ ಯಾರೂ ಕೇಸಿಂಗ್ ಒಳಗೆ ತಲೆ ಹಾಕಬಾರದು, ಒಬ್ಬರೇ ಇಳಿಯುವಂತೆಯೂ ಇಲ್ಲ. ಇಂಥ ಜಾಗಕ್ಕೆ ಇಳಿಯುವುದರ ಬಗ್ಗೆ 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಮು ಸ್ಪಷ್ಟವಾಗಿಯೇ ಹೇಳಿತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ.

## ಹಂತ 3: ಬಿಚ್ಚುವುದು

ಮೊದಲು ಬ್ಲಾಕ್‌ನ ಹೊರಮೈ ಒರೆಸಿ. ಸಂಡೂರು ಕಡೆಯ ಕೆಂಪು ಧೂಳು ಬ್ಲಾಕ್ ಮೇಲೆ ಬೆರಳು ದಪ್ಪ ಕೂತಿರುತ್ತದೆ. ಮುಚ್ಚಳ ಎತ್ತಿದ ಕೂಡಲೇ ಅದೆಲ್ಲ ಒಳಕ್ಕೆ ಬೀಳುತ್ತದೆ. ಏರ್ ಹೊಡೆದು ಧೂಳು ಎಬ್ಬಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುಚ್ಚಳ ಮತ್ತು ತಳ ಒಂದಕ್ಕೊಂದು ಜೋಡಿ ಮಾಡಿ ಕೊರೆದವು. ಡ್ರೈವ್ ಕಡೆಯದ್ದು ಇದು, ಇಂಪೆಲ್ಲರ್ ಕಡೆಯದ್ದು ಅದು ಎಂದು ಪೇಂಟ್‌ನಿಂದ ಗುರುತು ಹಾಕಿ. ಮುಚ್ಚಳ ಅದಲುಬದಲಾದರೆ ಹೊರ ರಿಂಗ್ ಹಿಂಡಿ ಅಂಡಾಕಾರವಾಗುತ್ತದೆ. ಯಾವ ಬ್ಲಾಕ್‌ನಲ್ಲಿ ಲೊಕೇಟಿಂಗ್ ರಿಂಗ್ (ಬೇರಿಂಗ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಉಂಗುರ) ಇದೆ, ಸ್ಲೀವ್ ಶಾಫ್ಟ್ ಮೇಲೆ ಎಲ್ಲಿ ಕೂತಿದೆ ಎಂಬುದನ್ನೂ ಅಳೆದು ಬರೆದಿಡಿ.

ಶಾಫ್ಟ್‌ಗೆ ಚೈನ್ ಪುಲ್ಲಿಯ ಆಸರೆ ಕೊಟ್ಟು, ಲಾಕ್ ವಾಷರ್‌ನ ಹಲ್ಲು ಎಬ್ಬಿಸಿ. ನಟ್ಟನ್ನು ಎರಡು ಮೂರು ಸುತ್ತು ಸಡಿಲಿಸಿ ಸಾಕು, ಪೂರ್ತಿ ತೆಗೆಯಬೇಡಿ. ಅದರ ಮೇಲೆ ಪೈಪ್ ಆಸರೆ ಇಟ್ಟು ಹೊಡೆದರೆ ಸ್ಲೀವ್ ಸಡಿಲವಾಗುತ್ತದೆ. ನಟ್ ಇರುವುದರಿಂದ ಅದು ಹಾರಿ ಬೀಳುವುದಿಲ್ಲ. ಜಗ್ಗದೇ ಇದ್ದರೆ ಗ್ರೈಂಡರ್‌ನಿಂದ ರಿಂಗ್‌ನಲ್ಲಿ ಮುಕ್ಕಾಲು ಆಳ ಕೊಯ್ದು ಉಳಿದಿದ್ದನ್ನು ಉಳಿಯಿಂದ ಸೀಳಿ. ಗಟ್ಟಿ ಉಕ್ಕು ಗಾಜಿನಂತೆ ಸಿಡಿಯುತ್ತದೆ, ಕನ್ನಡಕ ಹಾಕದೆ ಹತ್ತಿರ ಹೋಗಬೇಡಿ. ಗ್ಯಾಸ್ ಕಟರ್ ಹಿಡಿದರೆ ಬೇರಿಂಗ್ ಬರುತ್ತದೆ, ಶಾಫ್ಟ್ ಸೊಟ್ಟಗಾಗಿ ಉಳಿಯುತ್ತದೆ.

## ಹಂತ 4: ಹಳೆಯ ಬೇರಿಂಗ್ ಓದಿ, ಗುಜರಿಗೆ ಎಸೆಯಬೇಡಿ

ಎಲ್ಲರೂ ದಾಟಿ ಹೋಗುವ ಹಂತ ಇದು. ಅದಕ್ಕೇ ಮೂರು ತಿಂಗಳಿಗೆ ಮತ್ತೆ ಅದೇ ಕೆಲಸ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ.

ಎರಡು ಸಾಲು ರೋಲರ್‌ಗಳಲ್ಲಿ ಒಂದೇ ಸಾಲಿನ ಹಾದಿ (ರಿಂಗ್‌ನಲ್ಲಿ ರೋಲರ್ ಓಡುವ ಮೈ) ಚಕ್ಕೆ ಎದ್ದಿದ್ದರೆ, ಶಾಫ್ಟ್ ಬಿಸಿಯಾಗಿ ಉದ್ದವಾದಾಗ ಹೋಗಲು ಜಾಗ ಸಿಕ್ಕಿಲ್ಲ. ಅಂದರೆ ಎರಡೂ ಬ್ಲಾಕ್ ಫಿಕ್ಸ್ ಆಗಿವೆ.

ಒಳ ರಿಂಗ್ ಹಾದಿ ಸುತ್ತಲೂ ಕೆಟ್ಟು, ಹೊರ ರಿಂಗ್‌ನಲ್ಲೂ ಪೂರ್ತಿ ಸುತ್ತು ಗುರುತು ಬಿದ್ದಿದ್ದರೆ ಸ್ಲೀವ್ ನಟ್ ಅತಿಯಾಗಿ ಬಿಗಿದಿದೆ. ಸರಿಯಾಗಿ ಕೂತ ಬೇರಿಂಗ್‌ನ ಹೊರ ರಿಂಗ್‌ನಲ್ಲಿ ಭಾರ ಬೀಳುವ ಕೆಳಭಾಗದಲ್ಲಿ ಮಾತ್ರ ಗುರುತು ಇರಬೇಕು.

ರೋಲರ್‌ಗಳ ಅಂತರಕ್ಕೆ ಸರಿಯಾಗಿ ತಗ್ಗುಗಳಿದ್ದರೆ ಎರಡು ಸಾಧ್ಯತೆ: ಕೂರಿಸುವಾಗ ಸುತ್ತಿಗೆ ಬಿದ್ದಿದೆ, ಇಲ್ಲವೇ ನಿಂತ ಫ್ಯಾನ್ ಪಕ್ಕದ ಯಂತ್ರದ ನಡುಕಕ್ಕೆ ತಿಂಗಳುಗಟ್ಟಲೆ ಮೈಯೊಡ್ಡಿದೆ.

ಹಾದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಗೀರಿನಂತೆ ಸಾಲು ಸಾಲು ಅಡ್ಡಗೆರೆ ಇದ್ದರೆ ಕರೆಂಟ್ ಹಾಯ್ದಿದೆ. ಇಂಪೆಲ್ಲರ್‌ಗೆ ಪ್ಯಾಚ್ ವೆಲ್ಡಿಂಗ್ ಮಾಡುವಾಗ ಅರ್ಥಿಂಗ್ ಕ್ಲ್ಯಾಂಪನ್ನು ಬೇಸ್ ಫ್ರೇಮ್‌ಗೆ ಹಾಕಿದರೆ ಕರೆಂಟ್ ದಾರಿ ಹುಡುಕುವುದು ಬೇರಿಂಗ್ ಮೂಲಕವೇ. ಕ್ಲ್ಯಾಂಪ್ ಯಾವಾಗಲೂ ವೆಲ್ಡಿಂಗ್ ಜಾಗದ ಪಕ್ಕದಲ್ಲಿ, ಅದೇ ತುಂಡಿನ ಮೇಲೆ ಇರಬೇಕು. ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಹಾಕಿದ ಮೋಟರ್ ಇದ್ದರೆ ಅದರ ಶಾಫ್ಟ್ ಕರೆಂಟ್ ಮೇಲೂ ಕಣ್ಣಿಡಿ.

ಹಾದಿಗಳೆಲ್ಲ ಮಂಕಾಗಿ, ಮರಳುಕಾಗದದಿಂದ ಉಜ್ಜಿದಂತಿದ್ದರೆ ಸೀಲ್ ಕೈಕೊಟ್ಟಿದೆ, ಧೂಳು ಒಳಹೊಕ್ಕಿದೆ.

ಕೊನೆಯದೊಂದು ನಮ್ಮ ಕಡೆಯ ಮೋಸ. ಒಳ ರಿಂಗ್‌ನ ತೂತಿನಲ್ಲಿ, ಸ್ಲೀವ್ ಮೇಲೆ ಕೆಂಪು ಪುಡಿ ಕಂಡರೆ ಎಲ್ಲರೂ ಅದಿರಿನ ಧೂಳು ಎಂದು ಒರೆಸಿ ಬಿಡುತ್ತಾರೆ. ಎರಡು ಲೋಹಗಳು ಸಡಿಲವಾಗಿ ಉಜ್ಜಿದಾಗ ಏಳುವ ತುಕ್ಕಿನ ಪುಡಿಯೂ ಅದೇ ಬಣ್ಣ. ಬಟ್ಟೆಯಿಂದ ಒರೆಸಿದಾಗ ಕೆಳಗಿನ ಲೋಹ ನುಣುಪಾಗಿದ್ದರೆ ಧೂಳು. ಕಪ್ಪು ಕಂದು ಕಲೆ ಉಳಿದು, ಉಗುರಿಗೆ ಗುಳಿ ಸಿಕ್ಕಿದರೆ ಸ್ಲೀವ್ ಸಡಿಲವಿತ್ತು.

## ಹಂತ 5: ಶಾಫ್ಟ್ ಮತ್ತು ಬ್ಲಾಕ್ ಅಳೆಯಿರಿ

ಅಡಾಪ್ಟರ್ ಸ್ಲೀವ್ ಕೂರುವ ಶಾಫ್ಟ್‌ಗೆ ಎಚ್9 ಅಳತೆ ಸಾಕು. 90 ಮಿ.ಮೀ. ಶಾಫ್ಟ್ 89.913ಕ್ಕಿಂತ ಕೆಳಗಿಳಿಯಬಾರದು. ನಾಲ್ಕು ದಿಕ್ಕಿನಲ್ಲಿ, ಎರಡು ಮೂರು ಜಾಗದಲ್ಲಿ ಅಳೆಯಿರಿ. ಸವೆದಿದ್ದರೆ ಪಂಚ್‌ನಿಂದ ಚುಕ್ಕೆ ಹೊಡೆದು ಉಬ್ಬಿಸುವ ಕೆಲಸ ಬೇಡ. ಆ ಚುಕ್ಕೆಗಳ ತುದಿ ಒಂದೇ ವಾರದಲ್ಲಿ ಚಪ್ಪಟೆಯಾಗುತ್ತದೆ, ಸ್ಲೀವ್ ಮತ್ತೆ ತಿರುಗುತ್ತದೆ. ಮೆಟಲ್ ಸ್ಪ್ರೇ ಮಾಡಿಸಿ ಲೇತ್ ಹಿಡಿಸಿ, ಇಲ್ಲವೇ ಶಾಫ್ಟ್ ಬದಲಿಸಿ.

ಬ್ಲಾಕ್‌ನ ಒಳಮೈ ಸವೆದಿದ್ದರೆ ಹೊರ ರಿಂಗ್ ಕೆಳಗೆ ಪೇಪರ್, ಡಬ್ಬಿಯ ತಗಡು ಇಟ್ಟು ಬಿಗಿ ಮಾಡುವುದೂ ಅಂಥದ್ದೇ ತಪ್ಪು. ಬ್ಲಾಕ್ ಬದಲಿಸುವುದೊಂದೇ ದಾರಿ, ಬೇರಿಂಗ್‌ಗಿಂತ ಅದು ಹೆಚ್ಚೇನೂ ದುಬಾರಿಯಲ್ಲ.

## ಹಂತ 6: ಕ್ಲಿಯರೆನ್ಸ್ ನೋಡಿ ಕೂರಿಸುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಿಧಾನವಾಗಿ ಮಾಡಿ.

ಬೇರಿಂಗ್‌ನ ಪೊಟ್ಟಣವನ್ನು ಶಾಫ್ಟ್ ಸಿದ್ಧವಾದ ಮೇಲಷ್ಟೇ ಬಿಚ್ಚಿ. ಸುತ್ತ ಪ್ಲಾಸ್ಟಿಕ್ ಹಾಳೆ ಮರೆ ಕಟ್ಟಿ. ಬೇರಿಂಗ್‌ಗೆ ಹಚ್ಚಿರುವ ಎಣ್ಣೆ ತೊಳೆಯಬೇಡಿ, ಒಳ ತೂತು ಮತ್ತು ಹೊರಮೈ ಮಾತ್ರ ಒರೆಸಿ. ಏರ್ ಹೊಡೆದು ಗರಗರ ತಿರುಗಿಸುವ ಚಪಲವಂತೂ ಬೇಡವೇ ಬೇಡ.

ಮೊದಲು ಬೇರಿಂಗನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಳ ರಿಂಗನ್ನು ಕೆಲವು ಸುತ್ತು ತಿರುಗಿಸಿ ರೋಲರ್‌ಗಳನ್ನು ಜಾಗಕ್ಕೆ ಕೂರಿಸಿ. ಈಗ ಮೇಲ್ಗಡೆಯ ರೋಲರ್ ಮತ್ತು ಹೊರ ರಿಂಗ್ ನಡುವೆ ಫೀಲರ್ ತೂರಿಸಿ. ತೆಳು ಬ್ಲೇಡ್‌ನಿಂದ ಶುರು ಮಾಡಿ, ಸ್ವಲ್ಪ ತಡೆಯುತ್ತಾ ಜಾರುವ ಬ್ಲೇಡ್ ಸಿಗುವವರೆಗೆ ದಪ್ಪ ಮಾಡುತ್ತಾ ಹೋಗಿ. ಬ್ಲೇಡ್ ಮೇಲೆ ರೋಲರ್ ಉರುಳಿಸಬೇಡಿ, ತಪ್ಪು ಅಳತೆ ಬರುತ್ತದೆ. ಎರಡೂ ಸಾಲಿನಲ್ಲಿ ಒಂದೇ ಅಳತೆ ಬರಬೇಕು. 22220 ಕೆ ಸಿ3 ಹೊಸತಾಗಿದ್ದರೆ 0.110ರಿಂದ 0.140 ಮಿ.ಮೀ. ಸಿಗುತ್ತದೆ. ನಿಮಗೆ 0.12 ಸಿಕ್ಕಿತು ಎಂದುಕೊಳ್ಳಿ. ಅದನ್ನು ಸೀಮೆಸುಣ್ಣದಲ್ಲಿ ಬ್ಲಾಕ್ ಮೇಲೆಯೇ ಬರೆದಿಡಿ.

ಶಾಫ್ಟ್ ಮೇಲೆ ಹಾಕುವ ಕ್ರಮ: ಒಳಗಡೆಯ ಸೀಲ್ ರಿಂಗ್, ಸ್ಲೀವ್, ಬೇರಿಂಗ್, ನಟ್, ಹೊರಗಡೆಯ ಸೀಲ್. ಲ್ಯಾಬಿರಿಂತ್ ರಿಂಗ್ (ಅಂಕುಡೊಂಕು ಸಂದಿಯ ಸೀಲ್) ಹೋಳಲ್ಲ, ಇಡೀ ಉಂಗುರ. ಅದನ್ನು ಮರೆತು ಬೇರಿಂಗ್ ಕೂರಿಸಿದರೆ ಎಲ್ಲ ಬಿಚ್ಚಬೇಕು, ಆ ಸಿಟ್ಟಿನಲ್ಲೇ ಸೀಲ್ ಇಲ್ಲದೆ ಮುಚ್ಚಿದ ಬ್ಲಾಕ್‌ಗಳೂ ಇವೆ. ಶಾಫ್ಟ್ ಮತ್ತು ಸ್ಲೀವ್‌ನ ಒಳಮೈ ಒಣಗಿರಬೇಕು. ಸ್ಲೀವ್‌ನ ಹೊರಮೈಗೆ ತೆಳುವಾಗಿ ಎಣ್ಣೆ, ನಟ್ ಥ್ರೆಡ್‌ಗೂ ಬೇರಿಂಗ್‌ಗೆ ತಾಗುವ ಮುಖಕ್ಕೂ ಒಂದಿಷ್ಟು ಎಣ್ಣೆ.

ಲಾಕ್ ವಾಷರ್ ಈಗಲೇ ಹಾಕಬೇಡಿ, ಬಿಗಿಯುವಾಗ ಅದರ ನಾಲಿಗೆ ಮುರಿಯುತ್ತದೆ. ನಟ್‌ನ ಇಳಿಜಾರು ಮುಖ ಬೇರಿಂಗ್ ಕಡೆಗಿರಲಿ. ಸಿ ಸ್ಪ್ಯಾನರ್‌ನಿಂದ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಪ್ರತಿ ಸಲ ಫೀಲರ್ ಹಾಕಿ. ಬೇರಿಂಗ್ ಈಗ ಶಾಫ್ಟ್ ಮೇಲೆ ತೂಗಾಡುತ್ತಿದೆ, ಹಾಗಾಗಿ ಅಳೆಯಬೇಕಾದ್ದು ಕೆಳಗಡೆ. ಮೇಲ್ಗಡೆ ಅಳೆದು "ಕ್ಲಿಯರೆನ್ಸೇ ಇಲ್ಲ" ಎಂದು ನಿಲ್ಲಿಸಿದವರ ಬೇರಿಂಗ್ ಸಡಿಲ ಉಳಿದು ಸ್ಲೀವ್ ತಿರುಗುತ್ತದೆ.

ಈ ಸೈಜ್‌ಗೆ ಕಡಿಮೆಯಾಗಬೇಕಾದ ಕ್ಲಿಯರೆನ್ಸ್ 0.045ರಿಂದ 0.060 ಮಿ.ಮೀ. ಅಂದರೆ 0.12ರಿಂದ ಶುರುವಾದ ಬೇರಿಂಗನ್ನು 0.075 ಮತ್ತು 0.060ರ ನಡುವೆ ನಿಲ್ಲಿಸಬೇಕು. ಏನೇ ಆದರೂ ಸಿ3 ಬೇರಿಂಗ್‌ನಲ್ಲಿ 0.050ಕ್ಕಿಂತ ಕಡಿಮೆ ಉಳಿಯಬಾರದು. ಅಂದಾಜಿಗೆ ಇನ್ನೊಂದು ಲೆಕ್ಕ: ಬೇರಿಂಗ್ ಸ್ಲೀವ್ ಮೇಲೆ ಮುಂದಕ್ಕೆ ಸರಿಯಬೇಕಾದ್ದು 0.7ರಿಂದ 0.9 ಮಿ.ಮೀ. ನಟ್‌ನ ಪಿಚ್ 2 ಮಿ.ಮೀ. ಆದ್ದರಿಂದ, ಸಡಿಲವೆಲ್ಲ ಹೋಗಿ ಬಿಗಿ ಹಿಡಿದ ಮೇಲೆ ಅರ್ಧ ಸುತ್ತಿಗಿಂತ ಕಡಿಮೆಯೇ ಸಾಕು. ತೀರ್ಪು ಮಾತ್ರ ಫೀಲರ್‌ನದ್ದು.

ಉಳಿ ಇಟ್ಟು ನಟ್ ಹೊಡೆಯುವ ಅಭ್ಯಾಸ ಬಿಡಿ. ಹಾರಿದ ಚೂರು ಸೀದಾ ರೋಲರ್ ಮಧ್ಯೆ ಬೀಳುತ್ತದೆ. ಸ್ಲೀವ್ ಮೇಲೆ ಕೂರುವ ಬೇರಿಂಗನ್ನು ಬಿಸಿ ಮಾಡುವ ಅಗತ್ಯವೂ ಇಲ್ಲ.

ಅಳತೆ ಸಿಕ್ಕ ಮೇಲೆ ನಟ್ ತೆಗೆದು, ವಾಷರ್ ಹಾಕಿ, ನಟ್ಟನ್ನು ಮತ್ತೆ ಗಟ್ಟಿಯಾಗಿ ಕೂರಿಸಿ. ಬೇರಿಂಗ್ ಇನ್ನೂ ಮುಂದಕ್ಕೆ ಹೋಗಬಾರದು. ವಾಷರ್‌ನ ಹಲ್ಲು ನಟ್‌ನ ಕಚ್ಚಿಗೆ ಸರಿಹೋಗದಿದ್ದರೆ ಚೂರು ಬಿಗಿ ಮಾಡಿ ಹೊಂದಿಸಿ. ಸಡಿಲಿಸಿ ಹೊಂದಿಸುವುದು ಎಂದಿಗೂ ಬೇಡ. ಹಲ್ಲು ಮಡಚಿ, ಹೊರ ರಿಂಗ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ, ಓರೆಯಾಗಿಸಿದಾಗ ವಾಲುತ್ತದೆಯೇ ನೋಡಿ.

## ಹಂತ 7: ಒಂದು ಫಿಕ್ಸ್, ಒಂದು ಫ್ರೀ

ಸಾಮಾನ್ಯವಾಗಿ ಡ್ರೈವ್ ಕಡೆಯ ಬ್ಲಾಕ್‌ಗೆ ಲೊಕೇಟಿಂಗ್ ರಿಂಗ್ ಹಾಕಿ ಫಿಕ್ಸ್ ಮಾಡುತ್ತಾರೆ. ಇನ್ನೊಂದರಲ್ಲಿ ರಿಂಗ್ ಇರಬಾರದು, ಬೇರಿಂಗ್ ಎರಡೂ ಪಕ್ಕ ಜಾಗ ಬಿಟ್ಟು ನಡುವೆ ಕೂರಬೇಕು. ಡಬ್ಬಿಯಲ್ಲಿ ರಿಂಗ್ ಬಂದಿದೆ, ಬಿಟ್ಟರೆ ವೇಸ್ಟ್ ಎಂದು ಎರಡೂ ಕಡೆ ಹಾಕುವವರಿದ್ದಾರೆ.

ಲೆಕ್ಕ ನೋಡಿ: ಉಕ್ಕು ಪ್ರತಿ ಮೀಟರ್‌ಗೆ ಪ್ರತಿ ಡಿಗ್ರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಬೇರಿಂಗ್‌ಗಳ ನಡುವೆ ಒಂದೂವರೆ ಮೀಟರ್ ಇದ್ದು, ಶಾಫ್ಟ್ ಫ್ರೇಮ್‌ಗಿಂತ 50 ಡಿಗ್ರಿ ಹೆಚ್ಚು ಬಿಸಿಯಾದರೆ 0.9 ಮಿ.ಮೀ. ಉದ್ದವಾಗುತ್ತದೆ. ಬಿಸಿಗಾಳಿಯ ಫ್ಯಾನ್‌ಗೆ ಇದು ದೊಡ್ಡ ಮಾತಲ್ಲ. ಹೋಗಲು ಜಾಗವಿಲ್ಲದಿದ್ದರೆ ಅಷ್ಟೂ ಒತ್ತಡ ರೋಲರ್ ಮೇಲೆ.

ಮುಚ್ಚಳ ಇಡುವಾಗ ನಡುವೆ ಗ್ಯಾಸ್ಕೆಟ್ ಕೂರಿಸಬೇಡಿ. ಬೋಲ್ಟ್‌ಗಳನ್ನು ಬ್ಲಾಕ್ ತಯಾರಕರು ಹೇಳಿದ ಟಾರ್ಕ್‌ಗೆ, ಎದುರುಬದುರಾಗಿ ಬಿಗಿಯಿರಿ. ಫೆಲ್ಟ್ ಸೀಲ್ ಆದರೆ ಬಿಸಿ ಎಣ್ಣೆಯಲ್ಲಿ ನೆನೆಸಿಯೇ ಹಾಕಬೇಕು, ಒಣ ಫೆಲ್ಟ್ ಶಾಫ್ಟನ್ನು ಗೀರುತ್ತದೆ.

## ಹಂತ 8: ಗ್ರೀಸ್, ಅಳತೆ ಮಾಡಿ

ಬೇರಿಂಗ್ ಒಳಗೆ ರೋಲರ್‌ಗಳ ನಡುವೆ ಪೂರ್ತಿ ತುಂಬಿ. ಬ್ಲಾಕ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗ ಮಾತ್ರ. ಬ್ಲಾಕ್ ತುಂಬಾ ಗ್ರೀಸ್ ಒತ್ತಿದರೆ ಅದು ಕಡೆದು ಕಡೆದು ಬಿಸಿಯಾಗುತ್ತದೆ. ಬಿಸಿಯಾಯಿತೆಂದು ಹೆಲ್ಪರ್ ಇನ್ನೊಂದಿಷ್ಟು ಒತ್ತುತ್ತಾನೆ. ಬೇಸಿಗೆಯಲ್ಲಿ ಬೇರಿಂಗ್ ಸುಡುವುದರಲ್ಲಿ ಗ್ರೀಸ್ ಇಲ್ಲದ್ದಕ್ಕಿಂತ ಹೆಚ್ಚಾದದ್ದರ ಪಾಲೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಮರುಭರ್ತಿಗೆ ಸೂತ್ರ: ಹೊರವ್ಯಾಸ × ಅಗಲ × 0.005. 22220ಕ್ಕೆ 180 × 46 × 0.005, ಅಂದರೆ ಸುಮಾರು 41 ಗ್ರಾಂ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆ? ಹತ್ತು ಒತ್ತು ಕಾಗದದ ಮೇಲೆ ಹಾಕಿ ತೂಗಿ. 12 ಗ್ರಾಂ ಬಂದರೆ 34 ಒತ್ತು ಸಾಕು. ಆ ಸಂಖ್ಯೆಯನ್ನು ಗನ್ ಮೇಲೆ ಪೇಂಟ್‌ನಲ್ಲಿ ಬರೆದುಬಿಡಿ.

ಲಿಥಿಯಂ ಕಾಂಪ್ಲೆಕ್ಸ್ ಮತ್ತು ಪಾಲಿಯೂರಿಯಾ ಗ್ರೀಸ್ ಬೆರೆಸಿದರೆ ತೆಳ್ಳಗಾಗಿ ಸೋರಿಹೋಗುವ ಅಪಾಯವಿದೆ. ಬಣ್ಣ ನೋಡಿ ಗ್ರೀಸ್ ಆರಿಸಬೇಡಿ, ಕೆಂಪಗಿದ್ದ ಮಾತ್ರಕ್ಕೆ ಅದು ಹೈ ಟೆಂಪರೇಚರ್ ಗ್ರೀಸ್ ಅಲ್ಲ. ಬೇರಿಂಗ್ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್‌ನ ಆಯುಷ್ಯ ಅರ್ಧವಾಗುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳ ಗ್ರೀಸ್ ವೇಳಾಪಟ್ಟಿ ಡಿಸೆಂಬರ್‌ನದ್ದೇ ಆಗಿರಬಾರದು.

## ಹಂತ 9: ಅಲೈನ್‌ಮೆಂಟ್

ಮೊದಲು ಮೋಟರ್ ಕಾಲು ನೋಡಿ. ಒಂದೊಂದೇ ಬೋಲ್ಟ್ ಸಡಿಲಿಸಿದಾಗ ಕಾಲು 0.05 ಮಿ.ಮೀ.ಗಿಂತ ಹೆಚ್ಚು ಎದ್ದರೆ ಅಲ್ಲಿಗೆ ಸ್ಟೀಲ್ ಶಿಮ್ ಕೊಡಿ. ಆಮೇಲಷ್ಟೇ ಕಪ್ಲಿಂಗ್ ಮೇಲೆ ಡಯಲ್ ಹಿಡಿಯಿರಿ. 1500 ಆರ್‌ಪಿಎಂ ಫ್ಯಾನ್‌ಗೆ ಸೆಂಟರ್‌ಗಳ ವ್ಯತ್ಯಾಸ 0.05ರ ಒಳಗಿರಲಿ. ರಬ್ಬರ್ ಬುಷ್ ಕಪ್ಲಿಂಗ್ ಎಲ್ಲವನ್ನೂ ನುಂಗಿಕೊಳ್ಳುತ್ತದೆ ಎಂಬ ಮಾತು ನಂಬಬೇಡಿ, ನುಂಗುವುದು ಬೇರಿಂಗ್.

## ಹಂತ 10: ಚಾಲೂ ಮಾಡುವುದು

ಕೈಯಿಂದ ಹತ್ತು ಹದಿನೈದು ಸುತ್ತು ತಿರುಗಿಸಿ. ಇಂಪೆಲ್ಲರ್ ಕಟ್ಟಿದ ಹಗ್ಗ, ಮರದ ತುಂಡು ತೆಗೆದಿದ್ದೀರಾ ನೋಡಿ. ಕ್ಷಣಮಾತ್ರ ಸ್ಟಾರ್ಟ್ ಕೊಟ್ಟು ದಿಕ್ಕು ಖಾತ್ರಿ ಮಾಡಿ, ಡ್ಯಾಂಪರ್ ಮುಚ್ಚಿಯೇ ಚಾಲೂ ಮಾಡಿ.

ಮೊದಲ ಎರಡು ಮೂರು ಗಂಟೆ ಪ್ರತಿ 15 ನಿಮಿಷಕ್ಕೊಮ್ಮೆ ಉಷ್ಣಾಂಶ ಬರೆಯಿರಿ. ಹೊಸ ಗ್ರೀಸ್ ಹರಡಿಕೊಳ್ಳುವಾಗ ಬಿಸಿ ಏರುತ್ತದೆ, ಒಂದು ಮಟ್ಟ ಮುಟ್ಟಿ, ಆಮೇಲೆ ಇಳಿದು ನಿಲ್ಲುತ್ತದೆ. ಏರಿತೆಂದು ಗಾಬರಿಯಾಗಿ ನೀರು ಸುರಿಯಬೇಡಿ. ಹೊರ ರಿಂಗ್ ತಣ್ಣಗಾಗಿ ಕುಗ್ಗುತ್ತದೆ, ಒಳಗಿನದು ಬಿಸಿಯಾಗಿಯೇ ಉಳಿಯುತ್ತದೆ, ನೀವು ಕಷ್ಟಪಟ್ಟು ಉಳಿಸಿದ 0.06 ಕ್ಲಿಯರೆನ್ಸ್ ಅಲ್ಲಿಗೆ ಮುಗಿಯಿತು. 40 ಡಿಗ್ರಿ ಬಿಸಿಲಿನಲ್ಲಿ ಬ್ಲಾಕ್ 65–75ಕ್ಕೆ ನಿಂತರೆ ಚಿಂತೆಯಿಲ್ಲ. 85 ದಾಟಿ ಏರುತ್ತಲೇ ಇದ್ದರೆ ಕಾರಣ ಹುಡುಕಿ, 95ಕ್ಕೆ ನಿಲ್ಲಿಸಿ.

ಗಟ್ಟಿ ಫೌಂಡೇಶನ್ ಮೇಲಿನ ಫ್ಯಾನ್‌ನ ವೈಬ್ರೇಶನ್ ಸೆಕೆಂಡ್‌ಗೆ 4.5 ಮಿ.ಮೀ. ಒಳಗಿರಬೇಕು. 7.1 ಎಂದರೆ ಎಚ್ಚರಿಕೆ, 9ಕ್ಕೆ ಬಂದ್. ಹಂತ 1ರಲ್ಲಿ ಬರೆದ ಅಂಕಿಯ ಪಕ್ಕದಲ್ಲೇ ಇದನ್ನೂ ಬರೆಯಿರಿ. ಬೇರಿಂಗ್ ಬದಲಿಸಿದ ಮೇಲೂ ಅಡ್ಡ ದಿಕ್ಕಿನ ಅಂಕಿ ಹಾಗೇ ಇದ್ದರೆ ತಪ್ಪು ಇಂಪೆಲ್ಲರ್‌ನಲ್ಲಿದೆ, ಬೇರಿಂಗ್‌ನಲ್ಲಿ ಇರಲೇ ಇಲ್ಲ.

24 ಗಂಟೆ ಓಡಿದ ಮೇಲೆ ನಿಲ್ಲಿಸಿ, ಬೀಗ ಹಾಕಿ, ಫೌಂಡೇಶನ್ ಮತ್ತು ಮುಚ್ಚಳದ ಬೋಲ್ಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿ. ಸ್ಟ್ಯಾಂಡ್‌ಬೈ ಫ್ಯಾನ್ ಇದ್ದರೆ ವಾರಕ್ಕೊಮ್ಮೆ ಅದರ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ, ನಿಂತ ಜಾಗಕ್ಕೆ ಪೇಂಟ್ ಗುರುತು ಹಾಕಿ. ಗುರುತು ಪ್ರತಿ ವಾರ ಬೇರೆ ಕಡೆ ಇರಬೇಕು.